ಪ್ಯಾಚ್ ಜೊತೆ ಕಾರಣಾನೂ ಬರೆದಿಡ್ರಿ

ಲಿನಕ್ಸ್‌ಗೆಂದು ಬರೆದ ಓಪನ್ ಸೋರ್ಸ್ ತಂತ್ರಾಂಶವನ್ನು ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ ಅಥವಾ ಹೈಕುನಂಥ ಬೇರೆ ಆಪರೇಟಿಂಗ್ ಸಿಸ್ಟಮ್ ಮೇಲೆ ಪೋರ್ಟ್ ಮಾಡುವುದು (ಅಲ್ಲಿ ಓಡುವಂತೆ ತಿದ್ದುವುದು) ಅಂದರೆ ಬಹಳ ಮಂದಿಯ ತಲೆಯಲ್ಲಿರುವುದು ಇಷ್ಟೇ: ಕೋಡ್ ಇಳಿಸಿಕೋ, ಕಂಪೈಲ್ ಮಾಡು, ಎರರ್ ಬಂದಲ್ಲಿ ತಿದ್ದು, ಓಡಿದರೆ ಮುಗೀತು. ನಾನಿದನ್ನು ಒಪ್ಪುವುದಿಲ್ಲ. ಯಾವ ಸಾಲನ್ನು ಯಾಕೆ ತಿದ್ದಿದೆವು ಅಂತ ಬರೆದಿಡುವ ತನಕ ಆ ಪೋರ್ಟ್ ಮುಗಿದ ಲೆಕ್ಕ ಅಲ್ಲ.

ಬೆಳಗಾವಿಯಲ್ಲಿ ಕೂತು ಇದನ್ನು ಹೇಳಲು ಕಾರಣವಿದೆ. ವಿಟಿಯು ಇರುವುದೇ ನಮ್ಮೂರಲ್ಲಿ. ಇಲ್ಲಿಂದ ಬಾಗಲಕೋಟೆ, ವಿಜಯಪುರದ ತನಕ ಇಂಜಿನಿಯರಿಂಗ್ ಕಾಲೇಜುಗಳಿವೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಕೇಳಿಕೊಂಡು ಬರುವ ಮಕ್ಕಳಿಗೆ ನಾನು ಹೇಳುವುದು ಒಂದೇ, ಪೋರ್ಟಿಂಗ್ ಮಾಡ್ರಿ ಅಂತ. ಹೊಸ ಯಂತ್ರ ಬೇಕಿಲ್ಲ. ಬಿಓಎಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ ಹಾದಿಯಲ್ಲಿ 2001ರಲ್ಲಿ ಶುರುವಾದ ಹೈಕು, ಲ್ಯಾಬಿನಲ್ಲಿ ಧೂಳು ತಿನ್ನುತ್ತಿರುವ 2 ಜಿಬಿ ರ್‍ಯಾಮಿನ ಕಂಪ್ಯೂಟರ್ ಮೇಲೂ ಚೆನ್ನಾಗಿ ಓಡುತ್ತದೆ. ಅದರ ಐದನೇ ಬೀಟಾ 2024ರ ಸೆಪ್ಟೆಂಬರ್‌ನಲ್ಲಿ ಬಂದಿದೆ.

ಬಾಗಲಕೋಟೆಯ ಒಬ್ಬ ವಿದ್ಯಾರ್ಥಿನಿ ಒಂದು ಸಣ್ಣ ಚಾಟ್ ಪ್ರೋಗ್ರಾಮನ್ನು ಹೈಕುಗೆ ತರುತ್ತಿದ್ದಳು. ಕಂಪೈಲ್ ಸರಾಗವಾಗಿ ಆಯಿತು, ಆದರೆ ಅದನ್ನು ಲೈಬ್ರರಿಗಳಿಗೆ (ಸಿದ್ಧ ಫಂಕ್ಷನ್‌ಗಳ ಸಂಗ್ರಹಕ್ಕೆ) ಜೋಡಿಸುವಾಗ, ಅಂದರೆ ಲಿಂಕ್ ಮಾಡುವಾಗ, ನೆಟ್‌ವರ್ಕ್‌ಗೆ ಬೇಕಾದ ‘ಸಾಕೆಟ್’, ‘ಕನೆಕ್ಟ್’ ಫಂಕ್ಷನ್‌ಗಳೇ ಸಿಗುತ್ತಿಲ್ಲ ಅಂತ ಎರರ್. ಲಿನಕ್ಸ್‌ನಲ್ಲಿ ಇವು ಸಿ ಲೈಬ್ರರಿಯೊಳಗೇ ಇರುತ್ತವೆ, ಹೈಕುನಲ್ಲಿ ಲಿಬ್‌ನೆಟ್‌ವರ್ಕ್ ಅನ್ನುವ ಬೇರೆ ಲೈಬ್ರರಿಯಲ್ಲಿವೆ. ಗಣಿತದ ಫಂಕ್ಷನ್‌ಗಳ ಕಥೆ ಉಲ್ಟಾ: ಲಿನಕ್ಸ್‌ನಲ್ಲಿ ಅವಕ್ಕೆ ಲಿಬ್‌ಎಂ ಅನ್ನುವ ಲೈಬ್ರರಿ ಜೋಡಿಸಬೇಕು, ಹೈಕುನಲ್ಲಿ ಅವು ಲಿಬ್‌ರೂಟ್ ಅನ್ನುವ ಮುಖ್ಯ ಲೈಬ್ರರಿಯೊಳಗೇ ಸೇರಿವೆ. ಏನನ್ನು ಹೇಗೆ ಕಂಪೈಲ್ ಮಾಡಬೇಕು, ಜೋಡಿಸಬೇಕು ಅಂತ ಹೇಳುವ ಮೇಕ್‌ಫೈಲ್‌ನಲ್ಲಿ ಒಂದು ಸಾಲು ಬದಲಿಸಿದಳು.

“ನಡೀಲಿಕತ್ತದ್ರಿ ಸರ್!”

“ಯಾಕ ನಡೀತು ಅಂತ ಬರದೀಯೇನವಾ?”

“ಒಂದ ಸಾಲ ಐತಲ್ರಿ ಸರ್, ಅದಕ್ಕೇನ್ ಬರೀಬೇಕ್ರಿ?”

ಪ್ರಶ್ನೆ ನ್ಯಾಯದ್ದೇ. ಆದರೆ ನಾಳೆ ಆ ಪ್ರೋಗ್ರಾಮಿನ ಮೂಲ ಲೇಖಕರು ಮೇಕ್‌ಫೈಲ್ ಬಿಟ್ಟು ಅದೇ ಕೆಲಸದ ಬೇರೆ ಸಾಧನವಾದ ಸಿಮೇಕ್‌ಗೆ ಹೋದರೆ ಈ ಪ್ಯಾಚ್ (ಮೂಲ ಕೋಡಿಗೆ ಮಾಡಿದ ತಿದ್ದುಪಡಿಯ ಫೈಲು) ಕೂಡುವುದಿಲ್ಲ. ಆಗ ಅದನ್ನು ಕೈಗೆತ್ತಿಕೊಂಡವರಿಗೆ ಆ ಸಾಲು ಬೇಕೋ ಬೇಡವೋ ತಿಳಿಯುವುದಿಲ್ಲ. ಅದೇ ಎರರ್, ಅದೇ ಹುಡುಕಾಟ ಮತ್ತೆ ಮೊದಲಿಂದ. ಅವಳು ಕೊನೆಗೆ ಪ್ಯಾಚ್‌ನ ತಲೆಗೆ ಬರೆದದ್ದರ ಸಾರ ಇದು: “ಹೈಕುನಲ್ಲಿ ಸಾಕೆಟ್ ಫಂಕ್ಷನ್‌ಗಳಿಗೆ ಲಿಬ್‌ನೆಟ್‌ವರ್ಕ್ ಬೇಕು, ಲಿಬ್‌ಎಂ ಬೇಡ. ಬೇರೆ ಸಿಸ್ಟಮ್‌ಗಳಿಗೆ ತೊಂದರೆ ಆಗದಂತೆ ‘ಹೈಕು ಆದರೆ ಮಾತ್ರ’ ಅನ್ನುವ ಷರತ್ತಿನೊಳಗೆ ಇಟ್ಟಿದೆ. ಮೂಲ ಲೇಖಕರಿಗೆ ಇನ್ನೂ ಕಳಿಸಿಲ್ಲ.” ಆ ಕೊನೆಯ ವಾಕ್ಯಕ್ಕೆ ಬಹಳ ಬೆಲೆ ಇದೆ. ಮೂಲಕ್ಕೆ ಸೇರದ ಪ್ಯಾಚನ್ನು ಪ್ರತಿ ಹೊಸ ಆವೃತ್ತಿಗೂ ಯಾರಾದರೂ ಹೊತ್ತುಕೊಂಡೇ ಹೋಗಬೇಕು.

ಇದು ನನ್ನೊಬ್ಬನ ಹಟ ಅಲ್ಲ. ಫ್ರೀಬಿಎಸ್‌ಡಿಯ ಪೋರ್ಟ್‌ಗಳ ಸಂಗ್ರಹವಾದ ಪೋರ್ಟ್ಸ್‌ನಿಂದ 1997ರಲ್ಲಿ ಕವಲೊಡೆದ ನೆಟ್‌ಬಿಎಸ್‌ಡಿಯ ಪ್ಯಾಕೇಜ್‌ಸೋರ್ಸ್ ಸಂಗ್ರಹದಲ್ಲಿ ಪಿಕೆಜಿಲಿಂಟ್ ಅನ್ನುವ ತಪಾಸಣೆ ಸಾಧನವಿದೆ. ವಿವರಣೆ ಇಲ್ಲದ ಪ್ಯಾಚ್ ಕಂಡರೆ ಅದು ಎರರ್ ಕೊಡುತ್ತದೆ. 2018ರಲ್ಲಿ ಶುರುವಾದ ಸೆರೆನಿಟಿಓಎಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲೂ ಪ್ಯಾಚ್‌ಗಳ ಫೋಲ್ಡರಿನಲ್ಲಿ ರೀಡ್‌ಮಿ ಇಟ್ಟು, ಒಂದೊಂದು ಪ್ಯಾಚ್ ಏನು ಮಾಡುತ್ತದೆ ಅಂತ ಬರೆಯುತ್ತಾರೆ. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ನೋಡ್ರಿ: ಮೂಲ ಬೆಳೆಯುವುದು ಓಪನ್‌ಬಿಎಸ್‌ಡಿಯಲ್ಲಿ, ಉಳಿದ ಸಿಸ್ಟಮ್‌ಗಳಿಗೆ ಬೇಕಾದ ಕೋಡ್ ಸೇರಿಸಿ ಹೊರಡಿಸುವ ಆವೃತ್ತಿಯ ಸಂಖ್ಯೆಗೆ ‘ಪಿ1’ ಅಂತ ಬಾಲ ಹಚ್ಚುತ್ತಾರೆ. ಯಾವುದು ಮೂಲ, ಯಾವುದು ಪೋರ್ಟಿಂಗ್‌ಗಾಗಿ ಸೇರಿಸಿದ್ದು ಅನ್ನುವ ಗೆರೆ ಹೆಸರಿನಲ್ಲೇ ಇದೆ.

ತಿದ್ದಿದ್ದಕ್ಕಿಂತ ಕಿತ್ತುಹಾಕಿದ್ದನ್ನು ಬರೆದಿಡುವುದು ಇನ್ನೂ ಮುಖ್ಯ. ಫೈಲ್ ಬದಲಾದದ್ದನ್ನು ತಿಳಿಯಲು ಲಿನಕ್ಸ್ ಪ್ರೋಗ್ರಾಮ್‌ಗಳು ಐನೋಟಿಫೈ ಅನ್ನುವ ಸೌಲಭ್ಯ ಬಳಸುತ್ತವೆ. ಅದಿಲ್ಲದ ಕಡೆ ಪೋರ್ಟ್ ಮಾಡುವವರು ಆ ಭಾಗಕ್ಕೆ ಕತ್ತರಿ ಹಾಕಿ ಮುಂದೆ ಹೋಗುತ್ತಾರೆ. ಎರರ್ ಬರುವುದಿಲ್ಲ, ಪ್ರೋಗ್ರಾಮ್ ತೆರೆದುಕೊಳ್ಳುತ್ತದೆ, ಆದರೆ ಹೊರಗೆ ಬದಲಾದ ಫೈಲ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಬಳಸುವವನು ತನ್ನದೇ ಏನೋ ತಪ್ಪು ಅಂದುಕೊಳ್ಳುತ್ತಾನೆ. ಅವನಿಗೆ ಇದನ್ನು ಮೊದಲೇ ಹೇಳದಿದ್ದರೆ ಅದು ಅನ್ಯಾಯ ಅಂತಲೇ ನನ್ನ ಮಾತು. ಯಾವ ಟೆಸ್ಟ್‌ಗಳು ಫೇಲ್ ಆದವು, ಯಾವ ದಾರಿ ಹಿಡಿದು ವಾಪಸ್ ಬಂದೆವು, ಇವೂ ದಾಖಲಾಗಬೇಕು. ವಿಡಿಯೊ ಮಾಡಿದ್ದೇನೆ ಅನ್ನುತ್ತಾರೆ ಕೆಲವರು. ಮಾಡಲಿ, ಆದರೆ ಎರರ್ ಸಾಲನ್ನು ಹಾಕಿ ಹುಡುಕಿದರೆ ಸಿಗುವುದು ಬರಹ ಮಾತ್ರ.

ಪ್ಯಾಚ್‌ನ ತಲೆಬರಹ ಇಂಗ್ಲಿಷಿನಲ್ಲಿರಲಿ, ಓದುವವರು ಎಲ್ಲೆಲ್ಲಿಯೋ ಇರುತ್ತಾರೆ. ಆ ಕೆಲಸ ಹೇಗೆ ಸಾಗಿತು ಅನ್ನುವ ಕಥೆ ಮಾತ್ರ ಕನ್ನಡದಲ್ಲಿ ಬರಲೇಬೇಕು. ಮೊದಲ ಸಲ ಲಿಂಕರ್ ಎರರ್ ನೋಡಿ ಗಾಬರಿಯಾಗುವ ಇಂಡಿ, ಮುಧೋಳ ಊರುಗಳ ಮಕ್ಕಳಿಗೆ ಅದು ಬೇಕು.

ಪ್ರಾಜೆಕ್ಟ್ ಗೈಡ್‌ಗಳಿಗೆ ಒಂದು ವಿನಂತಿ. ಬೈಂಡ್ ಮಾಡಿಸಿದ ರಿಪೋರ್ಟಿನ ದಪ್ಪ ನೋಡಿ ಮಾರ್ಕ್ಸ್ ಹಾಕಬೇಡಿ. ವೈವಾದಲ್ಲಿ ಪ್ಯಾಚ್ ತೆರೆಸಿ, ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, “ಇದನ್ನ ಯಾಕ ತಿದ್ದಿದಿ, ಎಲ್ಲಿ ಬರದಿ?” ಅಂತ ಕೇಳಿ. ಉತ್ತರ ಫೈಲಿನಲ್ಲಿದ್ದರೆ ಅದಕ್ಕೆ ಪೂರ್ತಿ ಅಂಕ ಕೊಡಿ.