ಮೂರು ಡಾಲರ್ 76 ಸೆಂಟು

ಅಮೆರಿಕದಲ್ಲಿ ವಸಂತ ಬಂತೆಂದರೆ ಚೆಂಡು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲ್‌ಗೆ ಯಾರಾದರೂ ಹೊಸ ಲೀಗು ಹೆರುತ್ತಾರೆ. 2019ರಲ್ಲಿ ಒಂದು, ಹತ್ತು ವಾರ ಅಂತ ಶುರುವಾಗಿ ಎಂಟೇ ವಾರಕ್ಕೆ ಕಣ್ಣುಮುಚ್ಚಿತು. 2020ರಲ್ಲಿ ಒಂದು, 2022ರಲ್ಲಿ ಇನ್ನೊಂದು. ಉಳಿದ ಎರಡು 2024ರಲ್ಲಿ ಕೂಡಿಕೊಂಡು ಯುಎಫ್‌ಎಲ್ ಎಂಬ ಒಂದೇ ಲೀಗು ಆದವು. ಪ್ರತಿ ಸಲವೂ ವೇದಿಕೆ ಮೇಲೆ ಕೋಟಿನವರ ಸಾಲು. ಪ್ರತಿ ಸಲವೂ ‘ಈ ಸಲ ಹಾಗಾಗಲ್ಲ’ ಅನ್ನೋ ಮುಖ.

ಇವರೆಲ್ಲರ ಮೂಲಪುರುಷರು 1983ರ ಯುಎಸ್‌ಎಫ್‌ಎಲ್ ಎಂಬ ಲೀಗಿನವರು. ಅವರಿಗೆ ಅಡ್ಡಬೀಳಬೇಕು. ಐಡಿಯಾ ನ್ಯೂ ಆರ್ಲಿಯನ್ಸ್‌ನ ಡೇವಿಡ್ ಡಿಕ್ಸನ್ ಅವರದು. ಹಳೇ ಕಾಲದ ಬೆಲೆಬಾಳುವ ಸಾಮಾನು ಮಾರುತ್ತಿದ್ದವರು. ಅಲ್ಲಿನ ದೊಡ್ಡ ಲೀಗು ಎನ್‌ಎಫ್‌ಎಲ್ ರಜೆಯಲ್ಲಿರುವ ವಸಂತದಲ್ಲಿ ಆಡಿ, ಕೈ ಬಿಗಿ ಹಿಡಿದು ಖರ್ಚು ಮಾಡಿ ಅಂದಿದ್ದರು. ಮಾಲೀಕರು ಹೂಂ ಅಂದರು, ಚೆಕ್‌ಬುಕ್ ತೆಗೆದರು. ಲಾಸ್ ಏಂಜಲಿಸ್ ತಂಡ ಸ್ಟೀವ್ ಯಂಗ್ ಎಂಬ ಹುಡುಗನಿಗೆ 4 ಕೋಟಿ ಡಾಲರ್ ಬರೆದುಕೊಟ್ಟಿತು. ಕಂತು 43 ವರ್ಷಕ್ಕೆ. ಲೀಗು ಬದುಕಿದ್ದು ಮೂರೇ ಸೀಸನ್.

ನನಗೆ ಜಾಸ್ತಿ ಇಷ್ಟವಾದವರು ಡಾಕ್ಟರ್ ಟೆಡ್ ಡೀಟ್ರಿಕ್. ಫೀನಿಕ್ಸ್‌ನ ಹೆಸರಾಂತ ಹೃದಯ ಸರ್ಜನ್. ತಂಡ ಮಾತ್ರ ಶಿಕಾಗೋದಲ್ಲಿ. ಒಂದು ಸೀಸನ್ ಆದಮೇಲೆ ಮನೆ ಹತ್ತಿರ ತಂಡ ಇದ್ದರೆ ಚೆನ್ನ ಅನ್ನಿಸಿತು. ಶಿಕಾಗೋ ತಂಡ ಮಾರಿ ಅರಿಜೋನಾ ತಂಡ ಕೊಂಡರು. ಅರಿಜೋನಾದವರು ಗೆದ್ದಿದ್ದು ಬರೀ ನಾಲ್ಕು ಪಂದ್ಯ. ಅದಕ್ಕೇನು? ಕೋಚು, ಹೆಚ್ಚುಕಮ್ಮಿ ಎಲ್ಲ ಆಟಗಾರರು ಅದಲು ಬದಲು! 12 ಪಂದ್ಯ ಗೆದ್ದ ತಂಡಕ್ಕೆ ಚಪ್ಪಾಳೆ ಹೊಡೆದ ಶಿಕಾಗೋ ಜನ ಮರುವರ್ಷ ನೋಡಿದರೆ ಅದೇ ಹೆಸರು, ಅದೇ ಜೆರ್ಸಿ, ಒಳಗೆ ಬೇರೆಯವರು. ನಮ್ಮಲ್ಲಿ ಶಾಸಕರು ರಾತ್ರೋರಾತ್ರಿ ಬಸ್ ಹತ್ತಿದ್ದು ಗೊತ್ತಲ್ವಾ, ಹಾಗೆ. ಆದರೆ ಇಲ್ಲಿ ಎರಡೂ ಪಕ್ಷದವರು ಒಟ್ಟಿಗೆ ಹತ್ತಿದ್ದರು. ರೆಸಾರ್ಟ್ ಮಾತ್ರ ಇರಲಿಲ್ಲ.

ಆಮೇಲೆ ನ್ಯೂಜೆರ್ಸಿ ತಂಡ ಕೊಂಡುಕೊಂಡು ಡೊನಾಲ್ಡ್ ಟ್ರಂಪ್ ಬಂದರು. ವಸಂತ ಯಾಕೆ, ಎನ್‌ಎಫ್‌ಎಲ್ ಆಡುವ ಕಾಲದಲ್ಲೇ ಆಡೋಣ ಅಂದರು. ಟ್ಯಾಂಪಾದ ಜಾನ್ ಬ್ಯಾಸೆಟ್ ಬೇಡ ಬೇಡ ಅಂದರು. ಯಾರು ಕೇಳಬೇಕು? ಯುಎಸ್‌ಎಫ್‌ಎಲ್ ಕಡೆಯಿಂದ ಎನ್‌ಎಫ್‌ಎಲ್ ಮೇಲೆ ದಾವೆಯೂ ಬಿತ್ತು.

1986ರ ಜುಲೈನಲ್ಲಿ ತೀರ್ಪು. ಎನ್‌ಎಫ್‌ಎಲ್ ಏಕಸ್ವಾಮ್ಯ ನಡೆಸಿದ್ದು ತಪ್ಪು ಅಂದಿತು ಜ್ಯೂರಿ. ಪರಿಹಾರ? ಒಂದು ಡಾಲರ್. ಇಂಥ ಕೇಸಿನಲ್ಲಿ ಮೂರು ಪಟ್ಟು ಕೊಡಬೇಕೆಂಬ ಕಾನೂನಿತ್ತು, ದೇವರು ದೊಡ್ಡವನು, ಮೂರು ಡಾಲರ್ ಆಯಿತು. ಬಡ್ಡಿ ಸೇರಿ 3 ಡಾಲರ್ 76 ಸೆಂಟಿನ ಚೆಕ್ ಬಂತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ ನಮ್ಮವರು. ಇಲ್ಲಿ ಗೆದ್ದವನೇ ಸತ್ತ. ಮೆಂಫಿಸ್ ತಂಡದ ಅಧಿಕಾರಿ ಸ್ಟೀವ್ ಎರ್ಹಾರ್ಟ್ ಆ ಚೆಕ್ಕನ್ನು ನಗದು ಮಾಡಿಸದೆ ಜೋಪಾನ ಮಾಡಿದರು.

ನಗು ಇಲ್ಲಿಗೆ ಸಾಕು. ಮಾಲೀಕರು ತಮ್ಮ ತಮ್ಮ ಆಸ್ಪತ್ರೆಗೆ, ಕಟ್ಟಡಗಳಿಗೆ ವಾಪಸ್ ಹೋದರು. ಮೊಣಕಾಲು ಮುರಿದುಕೊಂಡ ಹುಡುಗ ಎಲ್ಲಿಗೆ ಹೋಗಬೇಕು? ಟಿಕೆಟ್ ಹರಿದುಕೊಡುತ್ತಿದ್ದವರು? 2019ರ ಆ ಎಂಟು ವಾರದ ಲೀಗು ಮುಚ್ಚಿದಾಗ ಮೆಂಫಿಸ್‌ನ ಆಟಗಾರರು ಹೋಟೆಲಿಗೆ ಬಂದು ನೋಡಿದರೆ ತಮ್ಮ ಸಾಮಾನು ಲಾಬಿಯಲ್ಲಿ ಬಿದ್ದಿತ್ತು ಅಂತ ಹೇಳಿಕೊಂಡರು. ಮೂವತ್ತಮೂರು ವರ್ಷ ಕಳೆದರೂ ಇಷ್ಟೇ ಕಲಿತದ್ದು. ಥೂ.

1985ರಲ್ಲಿ, ಆ 4 ಕೋಟಿಯ ಲಾಸ್ ಏಂಜಲಿಸ್ ತಂಡ ಪಂದ್ಯಕ್ಕೆ ಹೊರಟಿತ್ತು. ಬಸ್ ಡ್ರೈವರ್ ಮೊದಲು ನಗದು ಎಣಿಸಿ ಅಂದ. ಬಸ್ಸಿನಲ್ಲಿದ್ದವರೇ ಜೇಬು ತಡಕಾಡಿ ಕೊಟ್ಟರು. ಆಮೇಲೆ ಗಾಡಿ ಹೊರಟಿತು.