ಮಿತವ್ಯಯದ ವಾರ್ಡಿಗೆ ಪ್ರಶಂಸಾ ಪತ್ರ

ದಾವಣಗೆರೆ ಸೀಮೆಯ ಒಂದು ಆಸ್ಪತ್ರೆ, ಹೆಸರು ಬೇಡ. ಅಲ್ಲಿನ ಮೂವತ್ತು ಹಾಸಿಗೆಯ ವಾರ್ಡೊಂದು ಕೈಗೆ ಉಜ್ಜಿಕೊಂಡು ರೋಗಾಣು ಕೊಲ್ಲುವ ಹ್ಯಾಂಡ್‌ರಬ್ ದ್ರವದ ಅರ್ಧ ಲೀಟರಿನ ಒಂದೇ ಬಾಟಲಿಯಲ್ಲಿ ಇಡೀ ತಿಂಗಳು ದಾಟಿಸಿತು. ಸ್ಟೋರಿನವರು ಖುಷಿಯಾಗಿ ಪ್ರಶಂಸಾ ಪತ್ರ ಕೊಟ್ಟರು. ಬೆಣ್ಣೆ ಉಳಿಸಿದ ದೋಸೆ ಭಟ್ಟನನ್ನು ಈ ಊರು ಹೀಗೆ ಸನ್ಮಾನಿಸಿದ್ದುಂಟೆ?

ಲೆಕ್ಕ ಹಾಕಿ. ಒಂದು ಸಲಕ್ಕೆ ಸುಮಾರು 3 ಮಿ.ಲೀ. ಬೇಕು. ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಎಲ್ಲ ಒದ್ದೆಯಾಗಿ, 20ರಿಂದ 30 ಸೆಕೆಂಡು ಉಜ್ಜುತ್ತಲೇ ಆರಬೇಕು. ಒಬ್ಬ ರೋಗಿಯಿಂದ ನೇರ ಮುಂದಿನವರ ಬಳಿ ಹೋದರೆ ನಡುವೆ ಒಮ್ಮೆ ಉಜ್ಜಿದರೆ ಸಾಕು. ಹಾಗಿದ್ದೂ ಮೊದಲಿಗೊಮ್ಮೆ, ಕೊನೆಗೊಮ್ಮೆ ಸೇರಿ ಒಂದು ರೌಂಡ್ಸಿಗೆ ತಲಾ 31 ಸಲ, 93 ಮಿ.ಲೀ. ಡಾಕ್ಟರು, ಪಿಜಿ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿ), ಸಿಸ್ಟರು ಮೂವರೂ ರೋಗಿಯನ್ನು ಮುಟ್ಟುವವರಾದರೆ 279. ಎರಡನೇ ಬೆಳಿಗ್ಗೆ ಇಪ್ಪತ್ತೈದನೇ ಹಾಸಿಗೆಯ ಹತ್ತಿರ ಬಾಟಲಿ ಖಾಲಿ. ಇಂಜೆಕ್ಷನ್ನು, ಡ್ರೆಸ್ಸಿಂಗು, ಮೂತ್ರದ ನಳಿಕೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ 1000 ರೋಗಿ-ದಿನಕ್ಕೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) ಕನಿಷ್ಠ 20 ಲೀಟರ್. ವಾರ್ಡು ತುಂಬಿದ್ದರೆ ತಿಂಗಳಿಗೆ 18 ಲೀಟರ್, ಅಂದರೆ 36 ಬಾಟಲಿ. ಪ್ರಶಂಸೆ ಸಿಕ್ಕಿದ್ದು ಬಳಸದ 35 ಬಾಟಲಿಗೆ.

ಪಕ್ಕದ ವಾರ್ಡಿನವರು ಏಳು ಬಾಟಲಿ ಮುಗಿಸಿದರು. ಅವರಿಗೆ ಮೆಮೋ: 'ಅತಿಬಳಕೆಗೆ ಮೂರು ದಿನದೊಳಗೆ ಸಮಜಾಯಿಷಿ ನೀಡುವುದು.' ದ್ರವದಲ್ಲಿ ಮದ್ಯಸಾರ ಇರುವುದರಿಂದ ಯಾರಾದರೂ ಕುಡಿಯುತ್ತಿರಬಹುದೇ ಎಂಬ ಷರಾ ಬೇರೆ. ಪರಿಹಾರವಾಗಿ ಬಾಟಲಿ ಕಪಾಟು ಸೇರಿತು. ಬೀಗದಕೈ ಹಗಲು ಪಾಳಿಯ ಸಿಸ್ಟರ ಸೆರಗಿನಲ್ಲಿ. ಕೈಗೆಟುಕುವಂತೆ ಹಾಸಿಗೆಯ ಪಕ್ಕದಲ್ಲೇ ಇರಬೇಕಾದ ವಸ್ತು ಅದು. ರಾತ್ರಿ ಪಾಳಿಯವರಿಗೆ ಗೋಡೆಯ ಪೋಸ್ಟರ್ ಇದೆ, ಓದಿಕೊಳ್ಳಲಿ.

ಸೋಪು, ನೀರು ಇಲ್ಲವೇ? ಇವೆ. ರಕ್ತ, ಮಲ ಕಣ್ಣಿಗೆ ಕಾಣುವಂತೆ ಮೆತ್ತಿದ್ದರೆ ಹ್ಯಾಂಡ್‌ರಬ್ ಸಾಲದು, ತೊಳೆಯಲೇಬೇಕು, ಒಟ್ಟು 40ರಿಂದ 60 ಸೆಕೆಂಡು. ಆದರೆ ಮೊಣಕೈಯಿಂದ ತಿರುಗಿಸುವ ನಲ್ಲಿಯ ಹಿಡಿ ಮುರಿದು, ದುರಸ್ತಿ ಕಡತ ಲೋಕೋಪಯೋಗಿ ಇಲಾಖೆಯ ದಾರಿಯಲ್ಲಿದೆ. ಈಗ ಕೊಳೆಗೈಯಲ್ಲಿ ತೆರೆದು, ತೊಳೆದ ಕೈಯಲ್ಲಿ ಅದೇ ನಲ್ಲಿ ಮುಟ್ಟಿ ನಿಲ್ಲಿಸಬೇಕು. ಒರೆಸಲು ಇಡೀ ವಾರ್ಡಿಗೆ ಒಂದೇ ಟವೆಲ್ಲು. ಮೂರು ಪಾಳಿಯಲ್ಲೂ ರಜೆಯಿಲ್ಲದೆ ದುಡಿಯುವ ಏಕೈಕ ಸಿಬ್ಬಂದಿ ಅದು.

ಫಾರ್ಮಸಿಸ್ಟರು ಹ್ಯಾಂಡ್‌ರಬ್ ಇಲ್ಲೇ ತಯಾರಿಸೋಣ ಎಂದರು: 96% ಎಥನಾಲ್ (ಸ್ಪಿರಿಟ್) 8,333 ಮಿ.ಲೀ., 3% ಹೈಡ್ರೋಜನ್ ಪೆರಾಕ್ಸೈಡ್ 417, ಗ್ಲಿಸರಿನ್ 145, ಕುದಿಸಿ ಆರಿಸಿದ ನೀರು ಸೇರಿಸಿ 10 ಲೀಟರ್. ಸ್ಪೋರುಗಳು, ಅಂದರೆ ಬ್ಯಾಕ್ಟೀರಿಯಾಗಳ ಗಟ್ಟಿ ಬೀಜಕಗಳು, ಸಾಯಲೆಂದು 72 ಗಂಟೆ ಇಡಬೇಕು. ಸ್ಪಿರಿಟ್ಟಿಗೆ ಅಬಕಾರಿ ಪರವಾನಗಿ, ಗ್ಲಿಸರಿನ್ನಿಗೆ ಮೂರು ಕೊಟೇಶನ್ನು. ಇಡೀ ಪ್ರಸ್ತಾವದಲ್ಲಿ ಗಡುವು ಇರುವುದು ಸ್ಪೋರುಗಳಿಗೆ ಮಾತ್ರ.

ಕೊನೆಗೆ ಪಕ್ಕದ ವಾರ್ಡಿನ ಸಿಸ್ಟರು ಬರೆದುಕೊಟ್ಟರು: 'ಮುಂದೆ ಮಿತವಾಗಿ ಬಳಸಲಾಗುವುದು.' ಮೆಮೋ ಕಡತ ಮುಕ್ತಾಯವಾಯಿತು. ಅದೇ ಟಪ್ಪಾಲಿನಲ್ಲಿ ಪ್ರಶಂಸೆ ಪಡೆದ ವಾರ್ಡಿನ ಇಂಡೆಂಟ್ (ಬೇಡಿಕೆ ಪತ್ರ) ಬಂದಿತ್ತು: ಆಪರೇಷನ್ ಗಾಯಗಳು ಕೀವಾಗುತ್ತಿವೆ, ಪ್ರಬಲ ಆ್ಯಂಟಿಬಯೋಟಿಕ್ ಮೆರೋಪೆನೆಮ್ ತುರ್ತಾಗಿ ಬೇಕು. ಪ್ರಶ್ನೆಯೇ ಇಲ್ಲದೆ ಮಧ್ಯಾಹ್ನದೊಳಗೆ ಮಂಜೂರಾಯಿತು.