ಪಿಟೀಲಿಗೆ ಇನ್ನೂ ಸ್ವಲ್ಪ ಟೈಮ್ ಕೊಡಿ

ಒಂದು ವರ್ಷ ಬ್ಯಾಂಜೊ (ಮೀಟಿ ನುಡಿಸುವ ತಂತಿವಾದ್ಯ), ಫಿಡಲ್ ಅಂದ್ರೆ ಪಿಟೀಲು ಎರಡನ್ನೂ ಅಭ್ಯಾಸ ಮಾಡಿದ್ದೀರಿ. ಬ್ಯಾಂಜೊ ಕೈಗೆ ಹತ್ತಿತು, ಫಿಡಲ್ ಹತ್ತಲಿಲ್ಲ ಅಂತ ಬೇಜಾರು ಯಾಕೆ ಸಾರ್? ಬ್ಯಾಂಜೊಗೆ ವೀಣೆಯ ಹಾಗೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಿವೆ. ಪಿಟೀಲಿಗೆ ಅದಿಲ್ಲ, ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರವೇ. ಚಿಂತಾಮಣಿಯಲ್ಲಿ ನಾನು ಕಲಿಯೋಕೆ ಶುರು ಮಾಡಿದಾಗ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು!

ನಾವು ಕರ್ನಾಟಕ ಸಂಗೀತದವರು ತಂತಿಗಳನ್ನು ಸ ಪ ಸ ಪ ಅಂತ ಶ್ರುತಿ ಮಾಡಿ, ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಊರುತ್ತೇವೆ. ಎಡಗೈ ಜಾರಿಸೋಕೆ ಆರಾಮ. ನಿಂತು, ಪಿಟೀಲನ್ನು ಗದ್ದದಡಿ ಹಿಡಿದು ನುಡಿಸುವವರಿಗೆ ಗದ್ದ, ಭುಜ ಬಿಗಿಯಾಗಬಹುದು. ಸುಮ್ನೆ ಕನ್ನಡಿ ಮುಂದೆ ನಿಂತು ಬೆರಳಿಡದ ಖಾಲಿ ತಂತಿಯ ಮೇಲೆ ಕಮಾನು ಎಳೆಯಿರಿ. ಅದು ಓರೆಯಾದರೆ ಕೀರಲು ದನಿ ಬರುತ್ತೆ. ಹೊಸ ಹಾಡು ಜಾಸ್ತಿ ಬೇಡ, ಬ್ಯಾಂಜೊದಲ್ಲಿ ಬರುವುದನ್ನೇ ಪಿಟೀಲಿನಲ್ಲೂ ನುಡಿಸಿ.